ವಚನಪಿತಾಮಹ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು

ಶ್ರೀಮಠದ ಈ ಮಹೋತ್ಸವದ ಶುಭಸಮಯದಲ್ಲಿ ಪೂರ್ವದ ಗುರುವರ್ಯರನ್ನೂ ಶಿವಯೋಗಿಗಳನ್ನೂ ದಾಸೋಹಮೂರ್ತಿಗಳನ್ನೂ ಭಕ್ತಿಯಿಂದ ಸ್ಮರಿಸುವುದು ಸಂಪ್ರದಾಯವಷ್ಟೆ. ಆ ಪುಣ್ಯಪುರುಷರ ಸಾಲಿನಲ್ಲಿ ಕಾವಿಯನ್ನುಡದ, ಪೀಠವನ್ನೇರದ, ಕರಿಯ ಕೋಟನ್ನು ತೊಟ್ಟು ನ್ಯಾಯಾಲಯದ ಮೆಟ್ಟಿಲುಗಳನ್ನು ಹತ್ತಿಳಿದ ಒಬ್ಬ ಗೃಹಸ್ಥರನ್ನೂ ನೆನೆಯುವುದು ನಮ್ಮೆಲ್ಲರ ಕರ್ತವ್ಯವಾಗಿದೆ. ಪ್ರಾತಃಕಾಲದ ಲಿಂಗಪೂಜೆಯ ತರುವಾಯ ನಾವು ಪಠಿಸುವ ವಚನಗಳೂ, ಶ್ರೀಮಠದ ಅನುಭವಗೋಷ್ಠಿಯಲ್ಲಿ ವಿವರಿಸಲ್ಪಡುವ ವಚನಗಳೂ ಬಹುಮಟ್ಟಿಗೆ ಆ ಗೃಹಸ್ಥರ ಕೈಯಿಂದ ಹಾಯ್ದು ನಮ್ಮ ಕೈಗೆ ಬಂದಿರುತ್ತವೆ. ಅವರೇ ವಿಜಾಪುರದ ಫ. ಗು. ಹಳಕಟ್ಟಿಯವರು.

ಅವರು ಮಾಡಿದ ಸಾಹಿತ್ಯಸೇವೆಯನ್ನು ನಾಡೆಲ್ಲ ಬಲ್ಲದು. ಆದರೆ ಆ ಸೇವೆಯು ಎಂಥ ಸ್ಥಿತಿಯಲ್ಲಿ ನಡೆಯಿತೆಂಬುದನ್ನು ನಾವು ಅಷ್ಟಾಗಿ ಆಲೋಚಿಸುವುದಿಲ್ಲ. ಮನುಷ್ಯನು ಕಲಿತ ವಿದ್ಯೆಯು ಅನ್ನವನ್ನು ತರದೆ ಹೋದಾಗ, ಕೈಹಾಕಿದ ಉದ್ಯೋಗವು ಕುಂದುತ್ತ ಬಂದಾಗ, ಜೊತೆಯವರು ಮುಂದೆ ಸಾಗಿ ತಾನು ಹಿಂದುಳಿದಾಗ ಅವನ ಧೈರ್ಯವು ಕುಸಿಯುವುದು ಸಹಜ. ಶ್ರೀಮಠಕ್ಕೆ ಬಂದು ಗುರುಗಳ ಮುಂದೆ ಕುಳಿತು ಕಣ್ಣೀರಿಡುವ ಭಕ್ತರಲ್ಲಿ ಇಂಥ ದುಃಖವನ್ನು ಹೊತ್ತವರು ಎಂದಿಗೂ ಕಡಿಮೆಯಿಲ್ಲ. ಅಂಥವರಿಗೆ ಹಳಕಟ್ಟಿಯವರ ಚರಿತ್ರೆಯಲ್ಲಿ ಒಂದು ಉತ್ತರವಿದೆಯೆಂದು ನಂಬಿ ಈ ಲೇಖನವನ್ನು ಸಮರ್ಪಿಸಲಾಗಿದೆ.

ಜನನ ಮತ್ತು ವಿದ್ಯಾಭ್ಯಾಸ

ಫಕೀರಪ್ಪನವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು. ಕನ್ನಡದಲ್ಲಿ ಗ್ರಂಥರಚನೆ ಮಾಡುವವರೇ ವಿರಳವಾಗಿದ್ದ ಆ ಕಾಲದಲ್ಲಿ ಲೇಖನಿಯನ್ನು ಹಿಡಿದವರು. ಮಗುವು ಎಳೆವಯಸ್ಸಿನಲ್ಲಿಯೇ ತಾಯಿಯನ್ನು ಕಳೆದುಕೊಂಡಿತು; ಅಜ್ಜಿಯ ಮಡಿಲಲ್ಲಿ ಬೆಳೆಯಿತು. ಆಗ ಧಾರವಾಡ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದು, ಕಚೇರಿಗಳಲ್ಲಿಯೂ ಸುಶಿಕ್ಷಿತರ ಮನೆಗಳಲ್ಲಿಯೂ ಮರಾಠಿಯು ಮೆರೆಯುತ್ತಿತ್ತು. ಬಾಲಕನಿಗೆ ಹತ್ತು ವರುಷ ತುಂಬಿದ 1890ರಲ್ಲಿ ಅದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಸ್ಥಾಪಿತವಾಯಿತು. ತಂದೆಯ ಲೇಖನಿ ಹಾಗೂ ಊರಿನ ಈ ಹೊಸ ಗಾಳಿ ಎರಡೂ ಸೇರಿ ಆ ಎಳೆಯ ಮನಸ್ಸಿನಲ್ಲಿ ಕನ್ನಡದ ಬೀಜವನ್ನು ಬಿತ್ತಿದುವೆಂದು ಹೇಳಬಹುದಾಗಿದೆ.

ಧಾರವಾಡದ ಶಿಕ್ಷಣವನ್ನು ಮುಗಿಸಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜನ್ನು ಸೇರಿದರು. ಪದವಿಯನ್ನು ಪಡೆದ ತರುವಾಯ ನ್ಯಾಯಶಾಸ್ತ್ರವನ್ನು ಅಭ್ಯಸಿಸಿ 1904ರಲ್ಲಿ ಕಾಯಿದೆಯ ಪದವೀಧರರಾದರು. ಮುಂಬಯಿಯಲ್ಲಿ ಮರಾಠಿಗರೂ ಗುಜರಾತಿಗರೂ ತಂತಮ್ಮ ನುಡಿಗಾಗಿ, ತಂತಮ್ಮ ಸಮಾಜಕ್ಕಾಗಿ ಸಂಸ್ಥೆಗಳನ್ನು ಕಟ್ಟುತ್ತಿದ್ದ ಕಾಲವದು. ತನ್ನ ನಾಡಿನಲ್ಲಿ ಅಂಥದು ಏನೂ ನಡೆಯುತ್ತಿಲ್ಲವೆಂಬ ಕೊರಗು ಕನ್ನಡದ ತರುಣನಿಗೆ ಉಂಟಾಗುವುದು ಸ್ವಾಭಾವಿಕವೇ ಸರಿ.

ವಿಜಾಪುರದ ವಕೀಲರು

ಬೆಳಗಾವಿಯಲ್ಲಿ ಕೆಲಕಾಲ ವಕೀಲಿಯನ್ನು ಆರಂಭಿಸಿ, ಬಳಿಕ ಅವರು ವಿಜಾಪುರಕ್ಕೆ ಬಂದು ನೆಲೆಸಿದರು. 2014ರಿಂದ ವಿಜಯಪುರವೆಂಬ ಹೆಸರನ್ನು ತಳೆದಿರುವ ಆ ಪಟ್ಟಣವು ಆದಿಲಶಾಹಿ ಅರಸರ ಗುಮ್ಮಟಗಳಿಂದ ಪ್ರಸಿದ್ಧವಾದುದು. ಆದರೆ ಅದರ ಸುತ್ತಣ ಸೀಮೆಯು ಮಳೆಯನ್ನು ನೆಚ್ಚಲಾಗದ ಸೀಮೆ. 1876ರಿಂದ 1878ರವರೆಗಿನ ಭೀಕರ ಕ್ಷಾಮದಲ್ಲಿ ಬೆಂದುಹೋದ ನೆಲ. ಅಲ್ಲಿಯ ರೈತರು ಸಾಲದ ಕಾಗದಗಳನ್ನು ಹಿಡಿದು ವಕೀಲರ ಕಟ್ಟೆಯ ಮೇಲೆ ಕುಳಿತಿರುತ್ತಿದ್ದರು. ಬುದ್ಧಿವಂತನಾದ ತರುಣ ವಕೀಲನಿಗೆ ಆ ಪಟ್ಟಣದಲ್ಲಿ ಹಣವನ್ನು ಗಳಿಸುವುದು ಕಷ್ಟವಾಗಿರಲಿಲ್ಲ. ಹಳಕಟ್ಟಿಯವರಿಗೂ ಒಳ್ಳೆಯ ಹೆಸರೇ ಬಂದಿತು.

ಆದರೆ ಕಕ್ಷಿದಾರನ ದಾವೆಯನ್ನು ಗೆದ್ದುಕೊಟ್ಟರೂ ಅವನ ಬಡತನವು ತೀರದೆಂಬುದನ್ನು ಅವರು ದಿನದಿನವೂ ಕಾಣುತ್ತಿದ್ದರು. ವಿದ್ಯೆಯಿಲ್ಲದೆ ಉದ್ಧಾರವಿಲ್ಲವೆಂದು ತಿಳಿದು 1910ರಲ್ಲಿ ವಿಜಾಪುರ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯ ಸ್ಥಾಪನೆಗೆ ಮುಂದಾದರು. ಸಾಹುಕಾರರ ಬಡ್ಡಿಯಿಂದ ಬಿಡುಗಡೆಯಾಗದೆ ಒಕ್ಕಲಿಗನೂ ನೇಕಾರನೂ ಸಣ್ಣ ವ್ಯಾಪಾರಿಯೂ ತಲೆಯೆತ್ತಲಾರರೆಂದು ಮನಗಂಡು 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನು ಹುಟ್ಟುಹಾಕುವುದರಲ್ಲಿ ಪ್ರಮುಖರಾದರು. ಪುರಸಭೆಯ ಕಾರ್ಯದಲ್ಲಿ ಶ್ರಮಿಸಿದರು. 1920ರ ಸುಮಾರಿಗೆ ಮುಂಬಯಿಯ ಶಾಸನಸಭೆಯ ಸದಸ್ಯರೂ ಆದರು. ಸರ್ಕಾರವು ರಾವ್ ಸಾಹೇಬ, ರಾವ್ ಬಹಾದ್ದೂರ ಎಂಬ ಬಿರುದುಗಳನ್ನಿತ್ತು ಮನ್ನಿಸಿತು. ಆ ವೇಳೆಗೆ ಅವರ ವಯಸ್ಸು ನಲವತ್ತು. ಲೋಕದ ಕಣ್ಣಿಗೆ ಅವರ ಮುಂದಿನ ದಾರಿಯು ರಾಜಮಾರ್ಗದಂತೆ ತೆರೆದಿತ್ತು. ಇನ್ನು ಹತ್ತು ವರುಷ ವಕೀಲಿಯನ್ನು ಮನಸ್ಸಿಟ್ಟು ನಡೆಯಿಸಿದ್ದರೆ ಮಹಲನ್ನು ಕಟ್ಟಿಸಬಹುದಾಗಿತ್ತು. ದೊಡ್ಡ ಅಧಿಕಾರವನ್ನು ಪಡೆಯಬಹುದಾಗಿತ್ತು.

ತಾಡವೋಲೆಗಳ ಕರೆ

ಆದರೆ ಅಷ್ಟರಲ್ಲಿ ಬೇರೊಂದು ಕರೆಯು ಅವರನ್ನು ಹಿಡಿದಿತ್ತು. ತಾರುಣ್ಯದಲ್ಲಿಯೇ ರಬಕವಿಯ ಭಕ್ತರೊಬ್ಬರ ಮನೆಯಲ್ಲಿ ವಚನಗಳ ತಾಡವೋಲೆಯ ಕಟ್ಟುಗಳನ್ನು ನೋಡುವ ಯೋಗವು ಅವರಿಗೆ ಒದಗಿತ್ತು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಆಡಿದ ನುಡಿಗಳು, ಹದಿನೈದನೆಯ ಶತಮಾನದ ವಿರಕ್ತರು ಸಂಗ್ರಹಿಸಿ ಸ್ಥಲಕಟ್ಟಿಗೆ ಅಳವಡಿಸಿದ ನುಡಿಗಳು, ಎಲೆಯಿಂದ ಎಲೆಗೆ ಪ್ರತಿಯಾಗುತ್ತ ಬಂದು ಆ ಮನೆಯ ಮಾಡದಲ್ಲಿ ಮಲಗಿದ್ದವು. ವಚನಗಳ ಅಚ್ಚಿನ ಪುಸ್ತಕಗಳು ಅಲ್ಲೊಂದು ಇಲ್ಲೊಂದು ಆಗಲೇ ಪ್ರಕಟವಾಗಿದ್ದರೂ ಈ ಸಾಹಿತ್ಯದ ವಿಸ್ತಾರವೆಷ್ಟೆಂಬುದು ಪಂಡಿತರಿಗೂ ಗೊತ್ತಿರಲಿಲ್ಲ. ಆಗ ಸುಮಾರು ಐವತ್ತು ವಚನಕಾರರ ಹೆಸರುಗಳು ಮಾತ್ರ ಪರಿಚಿತವಾಗಿದ್ದವೆಂದೂ, ಹಳಕಟ್ಟಿಯವರ ಶೋಧನೆಯಿಂದ ಆ ಸಂಖ್ಯೆಯು ಇನ್ನೂರೈವತ್ತರ ಸಮೀಪಕ್ಕೆ ಏರಿತೆಂದೂ ಬಲ್ಲವರು ಲೆಕ್ಕಹಾಕಿದ್ದಾರೆ.

ಇಲ್ಲಿ ನಾವು ನಾಚಿಕೊಳ್ಳಬೇಕಾದ ಮಾತೊಂದುಂಟು. ಆ ಓಲೆಗಳು ನಷ್ಟವಾಗಿರಲಿಲ್ಲ. ಅವು ನಮ್ಮ ಮಠಗಳಲ್ಲಿ, ನಮ್ಮ ಮನೆಗಳಲ್ಲಿಯೇ ಇದ್ದವು. ಕೆಂಪು ವಸ್ತ್ರದಲ್ಲಿ ಸುತ್ತಿ, ವಿಭೂತಿಯನ್ನು ಧರಿಸಿ, ಹೂವನ್ನೇರಿಸಿ ನಾವು ಅವನ್ನು ಪೂಜಿಸುತ್ತಿದ್ದೆವು, ಬಿಚ್ಚಿ ಓದುತ್ತಿರಲಿಲ್ಲ. ಕೆಲವು ಕಟ್ಟುಗಳನ್ನು ಹುಳು ತಿನ್ನುತ್ತಿತ್ತು; ಕೆಲವು ಅಟ್ಟದ ಹೊಗೆಯಲ್ಲಿ ಕರಿದಾಗುತ್ತಿದ್ದವು. ಕೇಳಲು ಬಂದವರ ಕೈಗೆ ಅವನ್ನು ಕೊಡುವುದಕ್ಕೂ ಎಷ್ಟೋ ಮನೆತನಗಳು ಹಿಂಜರಿಯುತ್ತಿದ್ದವು. ಕೋರ್ಟಿಗೆ ಬಿಡುವು ಸಿಕ್ಕಾಗಲೆಲ್ಲ ಹಳಕಟ್ಟಿಯವರು ಊರೂರು ತಿರುಗಿದರು. ಮಠಾಧೀಶರ ಸನ್ನಿಧಿಯಲ್ಲಿ, ಗೌಡರ ಚಾವಡಿಯಲ್ಲಿ, ಬಡ ಜಂಗಮನ ಗುಡಿಸಲಿನಲ್ಲಿ ಕೈಮುಗಿದು ನಿಂತರು. ಕೊಟ್ಟವರಿಂದ ಪಡೆದು ಪ್ರತಿಮಾಡಿಕೊಂಡರು.

ಓಲೆಯನ್ನು ಓದುವುದು ಸುಲಭದ ಕೆಲಸವಲ್ಲ. ಕಂಟದಿಂದ ಕೊರೆದ ಅಕ್ಷರಗಳಲ್ಲಿ ಪದಕ್ಕೂ ಪದಕ್ಕೂ ನಡುವೆ ತೆರಪಿರುವುದಿಲ್ಲ. ವಾಕ್ಯವು ಎಲ್ಲಿ ಮುಗಿಯಿತೆಂಬ ಗುರುತೂ ಸಾಮಾನ್ಯವಾಗಿ ಕಾಣದು. ಒಬ್ಬ ಲಿಪಿಕಾರನ ತಪ್ಪು ಮುಂದಿನ ಹತ್ತು ಪ್ರತಿಗಳಲ್ಲಿ ಬೆಳೆದಿರುತ್ತದೆ. ಒಂದೇ ವಚನದ ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು, ಅಕ್ಷರಕ್ಕೆ ಅಕ್ಷರವನ್ನು ಹೋಲಿಸಿ, ಅಂಕಿತದಿಂದ ಕರ್ತೃವನ್ನು ಗುರುತಿಸಿ, ಸ್ಥಲಕ್ಕೆ ತಕ್ಕಂತೆ ವಿಂಗಡಿಸಬೇಕು. ಹಗಲೆಲ್ಲ ಕೋರ್ಟಿನ ಕಾಗದಗಳನ್ನು ನೋಡಿದ ಕಣ್ಣುಗಳು ಉಳಿದ ಹೊತ್ತಿನಲ್ಲಿ ಈ ಓಲೆಗಳನ್ನು ನೋಡಬೇಕಾಯಿತು. ಕ್ರಮೇಣ ಓಲೆಗಳು ಕೋರ್ಟಿನ ಹೊತ್ತನ್ನೂ ಬೇಡತೊಡಗಿದವು.

ಹಿಂದಿರುಗಿ ಬಂದ ಹಸ್ತಪ್ರತಿ

ವರುಷಗಟ್ಟಲೆ ದುಡಿದು ಸಂಗ್ರಹಿಸಿದ ವಚನಗಳನ್ನು ವಿಷಯಾನುಸಾರವಾಗಿ ಹೊಂದಿಸಿ ಅವರು ವಚನಶಾಸ್ತ್ರಸಾರವೆಂಬ ಗ್ರಂಥವನ್ನು ಸಿದ್ಧಗೊಳಿಸಿದರು. ಶರಣರ ನುಡಿಗಳು ಬಿಡಿಬಿಡಿಯಾದ ಉಕ್ತಿಗಳಾಗಿರದೆ ಒಂದು ಸಮಗ್ರವಾದ ಶಾಸ್ತ್ರವಾಗಿವೆಯೆಂದು ತೋರಿಸಿಕೊಡುವುದು ಆ ಗ್ರಂಥದ ಉದ್ದೇಶವಾಗಿತ್ತು. ಆ ಕಾಲದಲ್ಲಿ ಕನ್ನಡದ ಅಚ್ಚಿನ ಕೆಲಸಕ್ಕೆ ಮಂಗಳೂರಿನ ಬಾಸೆಲ್ ಮಿಶನ್ನಿನ ಮುದ್ರಣಾಲಯವು ಬಹಳ ಹೆಸರಾದುದು. ಹಳಕಟ್ಟಿಯವರು ಹಸ್ತಪ್ರತಿಯನ್ನೂ ಮುಂಗಡ ಹಣವನ್ನೂ ಅಲ್ಲಿಗೆ ಕಳುಹಿದರು. ಮುದ್ರಣಾಲಯದವರು ಕೆಲಸವನ್ನು ಒಪ್ಪಿಕೊಳ್ಳದೆ ಹಸ್ತಪ್ರತಿಯನ್ನು ಹಿಂದಿರುಗಿಸಿದರು.

ಯಾವ ಕೆಲಸಕ್ಕಾಗಿ ಕಕ್ಷಿದಾರರನ್ನು ಕಳೆದುಕೊಂಡೆವೋ ಆ ಕೆಲಸವೇ ಬಾಗಿಲಿಗೆ ತಿರುಗಿ ಬಂದರೆ ಮನಸ್ಸಿಗೆ ಏನಾಗಬೇಕೆಂಬುದನ್ನು ಓದುಗರೇ ಊಹಿಸಿಕೊಳ್ಳಬಹುದು. ಹಳಕಟ್ಟಿಯವರು ಯಾರನ್ನೂ ದೂಷಿಸುತ್ತ ಕುಳಿತುಕೊಳ್ಳಲಿಲ್ಲ. ಈ ನಡುವೆ 1922ರಲ್ಲಿ ಇಂಡಿಯನ್ ಆಂಟಿಕ್ವರಿ ಎಂಬ ಪ್ರಸಿದ್ಧ ಪತ್ರಿಕೆಯಲ್ಲಿ ಅವರು ಮಾಡಿದ ಬಸವಣ್ಣನವರ ವಚನಗಳ ಇಂಗ್ಲಿಷ್ ಅನುವಾದವು ಪ್ರಕಟವಾಗಿ, ಪರದೇಶದ ವಿದ್ವಾಂಸರ ಗಮನಕ್ಕೂ ವಚನಗಳು ಬಂದವು. ಮರುವರುಷ, ಎಂದರೆ 1923ರಲ್ಲಿ, ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಅಚ್ಚಾಗಿ ಹೊರಬಂದಿತು. ಕನ್ನಡ ಸಾಹಿತ್ಯದ ಚರಿತ್ರೆಯಲ್ಲಿ ಅದೊಂದು ಪರ್ವದಿನ. ಅಂದಿನಿಂದ ಈ ನಾಡು ತನ್ನ ಹನ್ನೆರಡನೆಯ ಶತಮಾನವನ್ನು ಹೊಸ ಕಣ್ಣಿನಿಂದ ನೋಡತೊಡಗಿತು.

ಮನೆ ಹೋಗಿ ಮುದ್ರಣಾಲಯ ಬಂದುದು

ಪ್ರತಿಯೊಂದು ಗ್ರಂಥಕ್ಕೂ ಪರರ ಮುದ್ರಣಾಲಯದ ಬಾಗಿಲನ್ನು ಕಾಯುವುದರಿಂದ ಕೆಲಸವು ಸಾಗದೆಂದು ಅವರಿಗೆ ಮನವರಿಕೆಯಾಯಿತು. ಸ್ವಂತದ ಮುದ್ರಣಾಲಯವು ಬೇಕು, ಅದಕ್ಕೆ ಹಣವು ಬೇಕು, ಹಣವು ಇರಲಿಲ್ಲ. ಇದ್ದುದು ವಾಸದ ಮನೆಯೊಂದು. ಅದನ್ನು ಮಾರಿ ಬಂದ ಹಣದಿಂದ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ಸಂಸಾರವು ಬಾಡಿಗೆಯ ಮನೆಯನ್ನು ಸೇರಿತು. ಮನೆಯನ್ನು ಕಟ್ಟಿದವರನ್ನು ನಾವು ಹೊಗಳುತ್ತೇವೆ. ಶರಣರ ನುಡಿಗೆ ಮನೆಯಾಗಲೆಂದು ತನ್ನ ಮನೆಯನ್ನು ಬಿಟ್ಟುಕೊಟ್ಟ ಈ ವಕೀಲರನ್ನು ಅಂದು ಎಷ್ಟೋ ಜನರು ಹುಚ್ಚರೆಂದು ತಿಳಿದಿದ್ದರೆ ಆಶ್ಚರ್ಯವಿಲ್ಲ.

1926ರಲ್ಲಿ ಶಿವಾನುಭವವೆಂಬ ತ್ರೈಮಾಸಿಕವನ್ನೂ, 1927ರಲ್ಲಿ ನವಕರ್ನಾಟಕವೆಂಬ ವಾರಪತ್ರಿಕೆಯನ್ನೂ ಅವರು ಆರಂಭಿಸಿದರು. ಮೊದಲನೆಯದು ಶರಣಸಾಹಿತ್ಯದ ಸಂಶೋಧನೆಗೆ, ಎರಡನೆಯದು ನಾಡಿನ ಜಾಗೃತಿಗೆ ಮೀಸಲು. ಶಿವಾನುಭವವು ಮೂರು ದಶಕಗಳಿಗೂ ಮಿಕ್ಕಿ ನಡೆಯಿತು. ಅದರ ಪುಟಗಳಲ್ಲಿ ವಚನಕಾರರ ಚರಿತ್ರೆಗಳೂ, ಅಜ್ಞಾತವಾಗಿದ್ದ ಪುರಾಣಗಳೂ, ಹರಿಹರನ ರಗಳೆಗಳೂ ಬೆಳಕನ್ನು ಕಂಡವು. 1930ರಲ್ಲಿ ಶೂನ್ಯಸಂಪಾದನೆಯನ್ನು ಸಂಪಾದಿಸಿ ಪ್ರಕಟಿಸಿದರು.

ಹೀಗೆ ಪುಸ್ತಕಗಳು ಒಂದಾದ ಮೇಲೊಂದು ಹೊರಬರುತ್ತಿರುವಾಗ ಲೆಕ್ಕದ ವಹಿಯಲ್ಲಿ ನಷ್ಟವೇ ಬೆಳೆಯುತ್ತಿತ್ತು. ಪತ್ರಿಕೆಯನ್ನು ಪಡೆಯುವವರೆಲ್ಲರೂ ವರ್ಗಣಿಯನ್ನು ಕೊಡುವವರಾಗಿರಲಿಲ್ಲ. ಶರಣರ ಮೇಲಣ ಅಭಿಮಾನವನ್ನು ಸಭೆಯಲ್ಲಿ ತೋರಿಸುವವರು ಬಹಳ. ಪುಸ್ತಕವನ್ನು ಕೊಂಡು ಓದುವವರು ಕೆಲವರು. ಕಾಗದದ ಬೆಲೆಯನ್ನೂ ಮೊಳೆ ಜೋಡಿಸುವವರ ಸಂಬಳವನ್ನೂ ಮುಂದಕ್ಕೆ ತಳ್ಳುವಂತಿರಲಿಲ್ಲ. ಅತ್ತ ವಕೀಲಿಯು ದಿನೇ ದಿನೇ ಕ್ಷೀಣಿಸಿತು. ವಕೀಲನು ಯಾವಾಗ ನೋಡಿದರೂ ಕರಡು ತಿದ್ದುತ್ತಿದ್ದರೆ ಅಥವಾ ಓಲೆಯನ್ನರಸಿ ಪರಸ್ಥಳಕ್ಕೆ ಹೋಗಿದ್ದರೆ ಕಕ್ಷಿದಾರನು ಬೇರೊಬ್ಬರ ಮನೆಯ ದಾರಿಯನ್ನು ಹಿಡಿಯುವುದು ಸಹಜ. ಅವರಿಗಿಂತ ಕಿರಿಯರಾದವರು ವಕೀಲಿಯಲ್ಲಿ ಮುಂದೆ ಬಂದರು. ರಾವ್ ಬಹಾದ್ದೂರರಾದ ಹಳಕಟ್ಟಿಯವರು ತೇಪೆ ಹಾಕಿದ ಕೋಟಿನಲ್ಲಿ ವಿಜಾಪುರದ ಬೀದಿಗಳಲ್ಲಿ ನಡೆಯುತ್ತಿದ್ದರೆಂಬ ನೆನಪನ್ನು ಆ ಊರು ಇಂದಿಗೂ ಕಾಪಾಡಿಕೊಂಡು ಬಂದಿದೆ.

ಸಂಸಾರದ ಭಾರ

ಮಹಾತ್ಮರ ಚರಿತ್ರೆಯನ್ನು ಬರೆಯುವವರು ಅವರ ಮನೆಯವರು ಪಟ್ಟ ಕಷ್ಟವನ್ನು ಒಂದು ಮಾತಿನಲ್ಲಿ ಮುಗಿಸುವುದು ರೂಢಿಯಾಗಿದೆ. ಅದು ನ್ಯಾಯವಲ್ಲ. ಧರ್ಮಪತ್ನಿ ಭಾಗೀರಥಿಬಾಯಿಯವರು ಪ್ರತಿಷ್ಠಿತ ಮನೆತನದಲ್ಲಿ ಹುಟ್ಟಿ ಬೆಳೆದವರು. ಸ್ವಂತ ಮನೆಯಿಂದ ಬಾಡಿಗೆಯ ಮನೆಗೆ ಹೋಗುವಾಗ ಒಲೆಯನ್ನು ಹೊತ್ತಿಸಬೇಕಾದವರು ಅವರು; ತಿಂಗಳ ಕೊನೆಗೆ ಡಬ್ಬಿಗಳನ್ನು ತಡವಿ ನೋಡಬೇಕಾದವರು ಅವರು. ಮಕ್ಕಳು ಉಡಿಗೆತೊಡಿಗೆಯಲ್ಲಿ ಓರಗೆಯವರಿಗಿಂತ ಕಡಿಮೆಯಾಗಿಯೇ ಬೆಳೆಯಬೇಕಾಯಿತು. ಗೃಹಸ್ಥನು ತನ್ನವರನ್ನು ಇಂಥ ಕಷ್ಟಕ್ಕೆ ಗುರಿಮಾಡುವುದು ಧರ್ಮವೇ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಯನ್ನು ಹಗುರಾಗಿ ತಳ್ಳಿಹಾಕಲಾಗದು. ಅವರು ಒಬ್ಬರೇ ದಾಸೋಹಿಯಾಗಿರಲಿಲ್ಲ. ಇಡಿಯ ಮನೆಯು ದಾಸೋಹದಲ್ಲಿ ಸವೆಯಿತು. ಆದುದರಿಂದ ನಾವು ಹಳಕಟ್ಟಿಯವರಿಗೆ ತಲೆಬಾಗುವಾಗ ಆ ಮನೆಯ ತಾಯಿಗೂ ತಲೆಬಾಗಬೇಕು.

ಭರವಸೆ ದೊರೆತ ಸ್ಥಳ

ಇನ್ನು ಈ ಚರಿತ್ರೆಯ ಹುರುಳನ್ನು ವಿಚಾರಿಸೋಣ. ಉದ್ಯೋಗವು ಕುಂದಿತು, ಮನೆಯು ಹೋಯಿತು, ಪತ್ರಿಕೆಯು ನಷ್ಟವನ್ನೇ ತಂದಿತು. ಇಷ್ಟಾದರೂ ಆ ಪುರುಷರು ಎದೆಗುಂದದೆ ಹೇಗೆ ನಿಂತರು?

ತಮ್ಮ ಸೇವೆಗೆ ಮುಂದೊಂದು ದಿನ ಫಲವು ದೊರೆಯುವುದೆಂಬ ಆಸೆಯಿಂದ ನಿಂತರೆಂದು ಹೇಳಿದರೆ ಅದು ಪೂರ್ತಿಯಾಗಿ ಸರಿಹೋಗುವುದಿಲ್ಲ. ಫಲದ ಆಸೆಯು ಹೆಚ್ಚೆಂದರೆ ಐದಾರು ವರುಷ ಮನುಷ್ಯನನ್ನು ನಡೆಯಿಸೀತು. ಮೂವತ್ತು ವರುಷ ನಡೆಯಿಸಲಾರದು. ಅವರ ದಿನಚರಿಯನ್ನೇ ನೋಡಿದರೆ ಉತ್ತರವು ತೋರುತ್ತದೆ. ಇಂದು ಓದಬೇಕಾದ ಓಲೆಯು ಮುಂದಿದೆ. ಅದರಲ್ಲಿ ಎಂಟುನೂರು ವರುಷಗಳ ಹಿಂದಿನ ಒಬ್ಬ ಅಂಬಿಗ, ಒಬ್ಬ ಮಡಿವಾಳ, ಅಕ್ಕಿಯನ್ನು ಆಯ್ದು ಬಾಳಿದ ದಂಪತಿಗಳು ಮಾತಾಡುತ್ತಿದ್ದಾರೆ. ತಾನು ಇಂದು ಈ ಎಲೆಯನ್ನು ಓದಿ ಬರೆದಿಡದಿದ್ದರೆ ನಾಳೆ ಹುಳುವು ಆ ಮಾತನ್ನು ತಿಂದುಬಿಡುತ್ತದೆ. ಇಷ್ಟು ಸ್ಪಷ್ಟವಾದ ಕರ್ತವ್ಯವು ಕಣ್ಣೆದುರಿಗಿರುವವನಿಗೆ ತಾನು ನಿರರ್ಥಕನೆಂಬ ಭಾವವು ಹತ್ತಿರ ಸುಳಿಯಲಾರದು. ವಕೀಲಿಯಲ್ಲಿ ಅವರ ಸ್ಥಾನವನ್ನು ಇನ್ನೊಬ್ಬರು ತುಂಬಿದರು. ಓಲೆಗಳ ಮುಂದಿನ ಸ್ಥಾನವನ್ನು ತುಂಬಲು ಅಂದು ವಿಜಾಪುರದಲ್ಲಿ ಇನ್ನೊಬ್ಬರಿರಲಿಲ್ಲ.

ಅವರು ಪ್ರಕಟಿಸಿದ ಶೂನ್ಯಸಂಪಾದನೆಯಲ್ಲಿ ನುಲಿಯ ಚಂದಯ್ಯನ ಪ್ರಸಂಗವು ಬರುತ್ತದೆ. ಹಗ್ಗವನ್ನು ಹೊಸೆದು ಮಾರಿ ಜಂಗಮದಾಸೋಹವನ್ನು ನಡೆಯಿಸುತ್ತಿದ್ದ ಆ ಶರಣನು ಒಂದು ದಿನ ಹುಲ್ಲನ್ನು ಕೊಯ್ಯುತ್ತಿರುವಾಗ ಕೊರಳಿನ ಇಷ್ಟಲಿಂಗವು ಜಾರಿ ನೀರಿಗೆ ಬೀಳುತ್ತದೆ. ಚಂದಯ್ಯನು ಕಾಯಕವನ್ನು ನಿಲ್ಲಿಸದೆ ಹುಲ್ಲಿನ ಹೊರೆಯನ್ನು ಹೊತ್ತು ಹೊರಡುತ್ತಾನೆ; ಲಿಂಗವೇ ಅವನನ್ನು ಹಿಂಬಾಲಿಸಿ ಬರುತ್ತದೆ. ಈ ಕಥೆಯನ್ನು ಅಕ್ಷರಶಃ ತೆಗೆದುಕೊಂಡು ಲಿಂಗನಿಷ್ಠೆಯನ್ನು ಹಗುರಾಗಿ ಕಾಣಬೇಕೆಂದು ಯಾರೂ ಭಾವಿಸಲಾಗದು. ಆ ಪ್ರಸಂಗದಲ್ಲಿಯೇ ಲಿಂಗವನ್ನು ಬಿಡಲಾಗದೆಂಬ ಬೋಧೆಯು ಚಂದಯ್ಯನಿಗೆ ಆಗುತ್ತದೆ. ಆದರೆ ನಿರ್ಮಲವಾದ ಕಾಯಕವಿದ್ದಲ್ಲಿ ಶಿವನು ತಾನಾಗಿಯೇ ಬಂದು ಸೇರುವನೆಂಬ ಅರ್ಥವು ಅದರಲ್ಲಿ ಅಡಗಿದೆ. ಹಳಕಟ್ಟಿಯವರು ಭರವಸೆಯನ್ನು ಹುಡುಕಿಕೊಂಡು ಎಲ್ಲಿಗೂ ಹೋಗಲಿಲ್ಲ. ಕೆಲಸವನ್ನು ಹಿಡಿದು ಕುಳಿತರು. ಭರವಸೆಯು ಅಲ್ಲಿಗೇ ಬಂದಿತು. ನಂಬಿಕೆಯು ಮೊದಲು ಗಟ್ಟಿಯಾಗಲಿ, ಆಮೇಲೆ ಸೇವೆ ಮಾಡುವೆನೆನ್ನುವವನು ಎರಡನ್ನೂ ಕಾಣಲಾರನು. ಸೇವೆಯಲ್ಲಿ ತೊಡಗಿದವನಿಗೆ ನಂಬಿಕೆಯು ತಿಳಿಯದಂತೆ ಬೆಳೆಯುತ್ತದೆ.

ಸನ್ಮಾನ ಮತ್ತು ಸಮಾಧಾನ

ನಾಡು ಅವರನ್ನು ಪೂರ್ತಿಯಾಗಿ ಮರೆತಿತ್ತೆಂದು ಹೇಳುವಂತಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ನೆರೆದ ಹನ್ನೆರಡನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರಿಗೆ ಅಧ್ಯಕ್ಷಪೀಠವನ್ನಿತ್ತು ಗೌರವಿಸಿತು. ವಿದ್ವಜ್ಜನರು ಅವರನ್ನು ವಚನಪಿತಾಮಹರೆಂದು ಕರೆದರು; ಗೋಳಗುಮ್ಮಟದ ಊರಿನಲ್ಲಿ ಬಾಳಿದ ಅವರಿಗೆ ವಚನಗುಮ್ಮಟವೆಂಬ ಹೆಸರೂ ಸಂದಿತು. 1956ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಮನ್ನಿಸಿತು. ಆಗ ಅವರಿಗೆ ಎಪ್ಪತ್ತಾರು ವರುಷ. ಅದೇ 1956ರ ನವೆಂಬರಿನಲ್ಲಿ ಹರಿದು ಹಂಚಿಹೋಗಿದ್ದ ಕನ್ನಡನಾಡು ಒಂದು ರಾಜ್ಯವಾಗಿ ಕೂಡಿದುದನ್ನೂ ಅವರು ಕಣ್ಣಾರೆ ಕಂಡರು. ಆದರೆ ಈ ಮನ್ನಣೆಗಳು ಬಡತನವನ್ನು ನೀಗಲಿಲ್ಲ. ಬಡತನವು ಅವರ ಕೆಲಸವನ್ನೂ ನಿಲ್ಲಿಸಲಿಲ್ಲ. ಸನ್ಮಾನದ ಮರುದಿನವೂ ಕರಡಚ್ಚಿನ ಹಾಳೆಗಳು ಅವರಿಗಾಗಿ ಕಾದಿರುತ್ತಿದ್ದವು.

1964ರ ಜೂನ್ ತಿಂಗಳ ಕೊನೆಯಲ್ಲಿ, ಎಂಬತ್ತನಾಲ್ಕು ವರುಷಗಳು ತುಂಬಲು ಕೆಲವೇ ದಿನಗಳಿರುವಾಗ, ಹಳಕಟ್ಟಿಯವರು ಲಿಂಗೈಕ್ಯರಾದರು. ಹಣದ ರೂಪದಲ್ಲಿ ಅವರು ಹೇಳಿಕೊಳ್ಳುವಂಥದೇನನ್ನೂ ಬಿಟ್ಟುಹೋಗಲಿಲ್ಲ. ಆದರೆ ಅವರು ನೆಟ್ಟ ಸಸಿಗಳು ಹೆಮ್ಮರಗಳಾಗಿವೆ. 1910ರಲ್ಲಿ ಆರಂಭವಾದ ಶಿಕ್ಷಣಸಂಸ್ಥೆಯು ವೈದ್ಯಕೀಯ, ತಾಂತ್ರಿಕ ವಿದ್ಯಾಲಯಗಳನ್ನು ಹೊಂದಿ 2008ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆಯನ್ನೂ ಪಡೆಯಿತು. ಅದರ ಆಶ್ರಯದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವು ನಡೆಯುತ್ತಿದೆ. ಅವರ ತರುವಾಯ ಅನೇಕ ವಿದ್ವಾಂಸರು ಓಲೆಗಳನ್ನು ಶೋಧಿಸಿದರು, ಪಾಠಗಳನ್ನು ಪರಿಷ್ಕರಿಸಿದರು. ಅವರು ಕಾಣದೆ ಹೋದ ಪ್ರತಿಗಳನ್ನು ಕಂಡು ಅವರ ತಪ್ಪುಗಳನ್ನೂ ತಿದ್ದಿದರು. ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟವನ್ನು ಹದಿನೈದು ಸಂಪುಟಗಳಲ್ಲಿ ಪ್ರಕಟಿಸಿತು. ತನ್ನ ಕೆಲಸವು ಮುಂದಿನವರ ಕೆಲಸಕ್ಕೆ ಮೆಟ್ಟಿಲಾಗಲೆಂಬುದೇ ಸೇವಕನು ಬಯಸುವ ಸಾರ್ಥಕ್ಯವಲ್ಲವೆ?

ಶಿಷ್ಯಭಕ್ತರಲ್ಲಿ ವಿಜ್ಞಾಪನೆ

ಶರಣಬಂಧುಗಳೇ, ನಮ್ಮಲ್ಲಿ ಬೆಳೆಯು ಕೈಕೊಟ್ಟ ರೈತರಿದ್ದಾರೆ, ಅಂಗಡಿಯನ್ನು ಮುಚ್ಚಿದ ವ್ಯಾಪಾರಿಗಳಿದ್ದಾರೆ, ನೌಕರಿಯನ್ನು ಕಳೆದುಕೊಂಡವರಿದ್ದಾರೆ, ಪರೀಕ್ಷೆಯಲ್ಲಿ ಸೋತು ಮನೆಯವರ ಮುಖವನ್ನು ನೋಡಲಾರದ ತರುಣರಿದ್ದಾರೆ. ಅವರೆಲ್ಲರೂ ಮನೆಯನ್ನು ಮಾರಿ ಮುದ್ರಣಾಲಯವನ್ನು ತೆರೆಯಲೆಂದು ಈ ಚರಿತ್ರೆಯು ಹೇಳುವುದಿಲ್ಲ. ಹಳಕಟ್ಟಿಯವರ ಮಟ್ಟದ ತ್ಯಾಗವನ್ನು ಎಲ್ಲರಿಂದಲೂ ಬಯಸುವುದು ಸಲ್ಲದು. ಮನೆಮಂದಿಯ ಹಸಿವನ್ನು ಮರೆಯುವುದೂ ಧರ್ಮವಲ್ಲ. ಅನ್ನದ ಉದ್ಯೋಗವನ್ನು ಮತ್ತೆ ಹುಡುಕಲೇಬೇಕು. ಆದರೆ ಹುಡುಕುತ್ತಿರುವ ಆ ದಿನಗಳಲ್ಲಿ ದುಃಖವನ್ನೇ ಎದುರಿಗಿಟ್ಟುಕೊಂಡು ಕುಳಿತುಕೊಳ್ಳುವ ಬದಲು ದಿನಕ್ಕೆ ಒಂದೆರಡು ತಾಸಾದರೂ ಪ್ರತಿಫಲವನ್ನು ಬಯಸದ ಒಂದು ಕೆಲಸಕ್ಕೆ ಕೈಹಾಕಿರಿ. ಶ್ರೀಮಠದ ದಾಸೋಹದಲ್ಲಿ ಪಾತ್ರೆಯನ್ನು ಬೆಳಗಿರಿ. ಪ್ರಸಾದನಿಲಯದ ಮಕ್ಕಳಿಗೆ ನಿಮಗೆ ಬಲ್ಲ ಲೆಕ್ಕವನ್ನೋ ವ್ಯಾಕರಣವನ್ನೋ ಹೇಳಿಕೊಡಿರಿ. ಗ್ರಂಥಾಲಯದ ಹಳೆಯ ಪುಸ್ತಕಗಳ ಧೂಳನ್ನು ಝಾಡಿಸಿ ಪಟ್ಟಿಯನ್ನು ಬರೆಯಿರಿ. ನಿಮ್ಮ ಕೈಗಳಿಂದ ಒಬ್ಬರಿಗೆ ಉಪಯೋಗವಾಯಿತೆಂಬುದನ್ನು ಸಾಯಂಕಾಲಕ್ಕೆ ನಿಮ್ಮ ಕಣ್ಣೇ ಕಾಣುವುದು. ಅದನ್ನು ಕಂಡವನು ಮರುದಿನದ ಬೆಳಗನ್ನು ಅಂಜಿಕೆಯಿಲ್ಲದೆ ಎದುರಿಸಬಲ್ಲನು.

ಮತ್ತೊಂದು ಮಾತು. ನಿಮ್ಮ ಮನೆಯ ಅಟ್ಟದಲ್ಲಿ, ದೇವರ ಮಾಡದಲ್ಲಿ ಹಿರಿಯರ ಕಾಲದ ಓಲೆಯ ಕಟ್ಟೊಂದು ಇನ್ನೂ ಇದ್ದರೆ ಅದನ್ನು ದಯವಿಟ್ಟು ಶ್ರೀಮಠಕ್ಕೆ ತಂದು ತೋರಿಸಿರಿ. ಪೂಜೆಯನ್ನು ಬಿಡಬೇಕಾಗಿಲ್ಲ, ಓದುವುದನ್ನೂ ಪೂಜೆಯೆಂದೇ ತಿಳಿಯಿರಿ. ಮನೆಮನೆಯ ಬಾಗಿಲಲ್ಲಿ ಕೈಮುಗಿದು ನಿಂತ ಆ ವಿಜಾಪುರದ ವಕೀಲರಿಗೆ ನಾವು ಸಲ್ಲಿಸಬಹುದಾದ ಗೌರವವು ಇದಕ್ಕಿಂತ ಬೇರೆಯಿಲ್ಲ. ಈ ಮಹೋತ್ಸವದಲ್ಲಿ ವಚನವನ್ನು ಹಾಡುವಾಗ ಒಂದು ಕ್ಷಣ ಅವರನ್ನೂ ಭಾಗೀರಥಿತಾಯಿಯವರನ್ನೂ ನೆನೆಯಿರಿ. ಅವರನ್ನು ನಡೆಯಿಸಿದ ಗುರುಬಸವೇಶನು ನಮ್ಮೆಲ್ಲರ ಕೈಗಳಿಗೂ ಕಾಯಕವನ್ನಿತ್ತು, ಕಾಯಕದಲ್ಲಿ ಭರವಸೆಯನ್ನಿತ್ತು ಸಲಹಲಿ.

ಶಿವಾರ್ಪಣಮಸ್ತು.